ಮಂಡಿ ನೋವಿಗೆ ಶಾರ್ಕ್ ಮೂಳೆ ಕ್ಯಾಪ್ಸೂಲ್ ಅಂತಾರೆ. ಶಾರ್ಕಿಗೆ ಮೂಳೆಯೇ ಇಲ್ಲ ಅಲ್ವಾ?

ಚಿತ್ರಾವತಿ, ಬಾಗೇಪಲ್ಲಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಬಾಗೇಪಲ್ಲಿ ಹತ್ತಿರದ ಹಳ್ಳಿ. ಅಮ್ಮನಿಗೆ ಈಗ 62. ಎರಡು ವರ್ಷದಿಂದ ಮಂಡಿ ನೋವು. ಬೆಳಿಗ್ಗೆ ಎದ್ದರೆ ಕಾಲು ಮಡಿಸಲು ಹತ್ತು ನಿಮಿಷ ಬೇಕು. ಸೊಂಟವೂ ಬಿಗಿ. ಹಾಲು ಕರೆಯಲು ಕುಕ್ಕರಗಾಲಲ್ಲಿ ಕೂರುತ್ತಿದ್ದವರು ಈಗ ಒಂದು ಪುಟ್ಟ ಮಣೆ ಇಟ್ಟುಕೊಂಡಿದ್ದಾರೆ.

ಹೋದ ತಿಂಗಳು ಊರಿಗೆ ಬಂದ ಒಬ್ಬ ಮಾರಾಟಗಾರ ಶಾರ್ಕ್ ಕಾರ್ಟಿಲೇಜ್, ಅಂದ್ರೆ ಮೆದುಮೂಳೆಯ ಕ್ಯಾಪ್ಸೂಲ್ ಅಂತ ಮೂರು ಡಬ್ಬಿ ಕೊಟ್ಟು ಹೋದ. ಅಮ್ಮ ಹಾಲಿನ ದುಡ್ಡು ಕೂಡಿಟ್ಟಿದ್ದನ್ನೆಲ್ಲ ಕೊಟ್ಟಿದ್ದಾರೆ. "ಮೀನಿನ ಮೆದುಮೂಳೆ ತಿಂದರೆ ನಿಮ್ಮ ಮಂಡಿಯ ಮೆದುಮೂಳೆ ಮತ್ತೆ ಬೆಳೆಯುತ್ತೆ" ಅಂದನಂತೆ. ಒಂದು ಡಬ್ಬಿ ಮುಗಿದಿದೆ. ಏನೂ ವ್ಯತ್ಯಾಸ ಕಾಣುತ್ತಿಲ್ಲ.

ಇನ್ನೊಂದು ವಿಷಯ. ನನ್ನ ಮಗ ಒಂಬತ್ತನೇ ಕ್ಲಾಸು. ಡಬ್ಬಿ ಮೇಲಿನ ಚಿತ್ರ ನೋಡಿ ಕೇಳಿದ: "ಅಮ್ಮ, ಶಾರ್ಕಿಗೆ ಮೂಳೆ ಇಲ್ಲ, ಬರೀ ಕಾರ್ಟಿಲೇಜ್ ಅಂತ ಪುಸ್ತಕದಲ್ಲಿದೆ. ಅಂದ್ರೆ ನಮ್ಮ ಕಿವಿ ಥರ. ಕಿವಿ ಥರದ ದವಡೆಯಲ್ಲಿ ಅದು ಸೀಲ್ ಪ್ರಾಣಿಯನ್ನ ಹೇಗೆ ತುಂಡು ಮಾಡುತ್ತೆ?" ತನ್ನ ಕಿವಿ ಮಡಚಿ ಮಡಚಿ ತೋರಿಸುತ್ತಿದ್ದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಇಲ್ಲಿ ಗೊತ್ತಿದ್ದವರು ಎರಡಕ್ಕೂ ಹೇಳಿ, ಪ್ಲೀಸ್.

ಫಿಸಿಯೋ, ತುಮಕೂರು:
ಅಕ್ಕ, ಮೊದಲು ಅಮ್ಮನ ವಿಷಯ. ಉಳಿದ ಎರಡು ಡಬ್ಬಿ ತೆಗೆಯಬೇಡಿ. ತಿಂದ ಮೆದುಮೂಳೆ ಹೊಟ್ಟೆಯಲ್ಲಿ ಮಾಂಸದ ಹಾಗೇ ಜೀರ್ಣ ಆಗುತ್ತದೆ. ಅದು ತುಂಡಾಗಿ ಮಂಡಿಗೆ ಹೋಗಿ ಕೂರುವುದಿಲ್ಲ. ಮೆದುಮೂಳೆಯಲ್ಲಿರುವ ಕಾಂಡ್ರಾಯ್ಟಿನ್ ಅನ್ನೋ ವಸ್ತುವನ್ನು ಬೇರೆ ಮಾಡಿ ಮಾತ್ರೆ ಮಾಡುತ್ತಾರೆ. ಅಮೆರಿಕದಲ್ಲಿ 1,583 ಮಂಡಿ ನೋವಿನ ರೋಗಿಗಳ ಮೇಲೆ ಅದನ್ನೂ, ಕೀಲು ನೋವಿಗೆ ಮಾರುವ ಗ್ಲೂಕೋಸಮೈನ್ ಅನ್ನೋ ಇನ್ನೊಂದು ವಸ್ತುವನ್ನೂ 24 ವಾರ ಪರೀಕ್ಷೆ ಮಾಡಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟಾರೆ ನೋಡಿದರೆ ಸುಮ್ನೆ ಕೊಟ್ಟ ಖಾಲಿ ಮಾತ್ರೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ.

ಇನ್ನೊಂದು ಪರೀಕ್ಷೆ 2014ರದ್ದು. ಅಂಗಡಿಯಲ್ಲಿ ಸಿಗುವ 16 ಬಗೆಯ ಶಾರ್ಕ್ ಕಾರ್ಟಿಲೇಜ್ ಮಾತ್ರೆ ತೆಗೆದು ನೋಡಿದರೆ 15ರಲ್ಲಿ ಬಿಎಂಎಎ ಅನ್ನೋ ನರಕ್ಕೆ ಹಾನಿ ಮಾಡಬಲ್ಲ ವಸ್ತು ಸಿಕ್ಕಿತು. ಶಾರ್ಕ್ ಸಮುದ್ರದಲ್ಲಿ ಬೇರೆ ಮೀನನ್ನು ತಿಂದು ಬದುಕುವ ಪ್ರಾಣಿ. ತಿಂದ ಮೀನುಗಳ ವಿಷವೆಲ್ಲ ಅದರ ಮೈಯಲ್ಲಿ ಸೇರುತ್ತಾ ಹೋಗುತ್ತದೆ.

ಅಮ್ಮನನ್ನು ಒಮ್ಮೆ ಮೂಳೆ ಡಾಕ್ಟರ ಹತ್ತಿರ ತೋರಿಸಿ. ನಿಂತುಕೊಂಡೇ ಎಕ್ಸ್‌ರೇ ತೆಗೆಸಿ. ತೊಡೆಯ ಮುಂದಿನ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ನಾನು ಬರೆದು ಕೊಡುತ್ತೇನೆ. ಗೋಡೆಗೆ ಒರಗಿ ಕೂತು ಮಾಡುವಂಥದ್ದು, ದುಡ್ಡು ಬೇಡ. ಆ ಮಣೆ ಇಟ್ಟುಕೊಂಡಿದ್ದು ಬಹಳ ಒಳ್ಳೆಯ ಕೆಲಸ.

ಮಗನ ಪ್ರಶ್ನೆಗೆ ನಮ್ಮ ಮೇಷ್ಟ್ರು ಬರಬೇಕು.

ಮಧುಗಿರಿ ಮೇಷ್ಟ್ರು:
ಬಂದೆ. ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಇಪ್ಪತ್ತು ವರ್ಷದಲ್ಲಿ ಈ ಪ್ರಶ್ನೆ ಕೇಳಿದ ಮಕ್ಕಳು ಮೂರೋ ನಾಲ್ಕೋ. ಹುಡುಗನಿಗೆ ಶಹಬ್ಬಾಸ್ ಹೇಳಿ ಅಕ್ಕ. ಪುಸ್ತಕದಲ್ಲಿ "ಮೃದ್ವಸ್ಥಿ ಮೀನುಗಳು" ಅಂತ ಒಂದು ಸಾಲು ಬರೆದು ಮುಂದೆ ಹೋಗಿಬಿಡುತ್ತಾರೆ. ಶಾರ್ಕ್, ಚಪ್ಪಟೆ ಮೈಯ ತೊರಕೆ, ಆಳ ಸಮುದ್ರದ ಕೈಮೆರಾ ಅನ್ನೋ ಮೀನು, ಎಲ್ಲ ಅದೇ ಗುಂಪು. ಮಕ್ಕಳು "ಮೃದು" ಅನ್ನೋ ಪದ ಮಾತ್ರ ಹಿಡಿದುಕೊಳ್ಳುತ್ತಾರೆ.

ನಿಮ್ಮ ಮಗನಿಗೆ ಹಲಸಿನ ಹಣ್ಣು ತೋರಿಸಿ. ನಮ್ಮ ಗುಬ್ಬಿ ತಾಲ್ಲೂಕಿನ ಚೇಳೂರಿನ ಕಡೆ ರಾಶಿ ರಾಶಿ ಬರುತ್ತದಲ್ಲ, ಅಂಥದ್ದು. ಅದರ ಮುಳ್ಳಿನ ಬುಡವನ್ನು ಹತ್ತಿರದಿಂದ ನೋಡಬೇಕು. ಒಂದೊಂದು ಮುಳ್ಳೂ ಐದಾರು ಮೂಲೆಯ ಒಂದು ಬಿಲ್ಲೆಯ ಮೇಲೆ ನಿಂತಿರುತ್ತದೆ. ಬಿಲ್ಲೆಗೆ ಬಿಲ್ಲೆ ಅಂಟಿಕೊಂಡು ಇಡೀ ಹಣ್ಣನ್ನು ಸುತ್ತಿವೆ. ಒಳಗೆಲ್ಲ ಮೆತ್ತಗೆ. ಈಗ ಮುಳ್ಳನ್ನು ಮನಸ್ಸಿನಲ್ಲೇ ಸವರಿ ಹಾಕಿ, ಬಿಲ್ಲೆಗಳನ್ನು ಸಾಸಿವೆ ಕಾಳಿಗಿಂತ ಚಿಕ್ಕದು ಮಾಡಿ, ಕಲ್ಲಿನಷ್ಟು ಗಟ್ಟಿ ಮಾಡಿ. ಶಾರ್ಕಿನ ದವಡೆ ಬಹುಮಟ್ಟಿಗೆ ಹಾಗಿರುತ್ತದೆ.

ಒಳಗೆ ನಮ್ಮ ಕಿವಿಯಂಥದೇ ಮೆದುಮೂಳೆ. ಅದರ ಹೊರಮೈಯಲ್ಲಿ, ಮೇಲಿನ ಪೊರೆಯ ಅಡಿಯಲ್ಲಿ, ಖನಿಜ ತುಂಬಿದ ಪುಟ್ಟ ಪುಟ್ಟ ಬಿಲ್ಲೆಗಳ ಹೊದಿಕೆ. ಒಂದು ಬಿಲ್ಲೆ ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ಚಿಕ್ಕದು. ಇದಕ್ಕೆ ಟೆಸೆರಾ ಅಂತ ಹೆಸರು. ಮೊಸಾಯಿಕ್ ನೆಲಕ್ಕೆ ಜೋಡಿಸುವ ಚೂರಿಗೆ ಲ್ಯಾಟಿನ್ ಭಾಷೆಯಲ್ಲಿ ಇರುವ ಪದ ಅದು. ಬಿಲ್ಲೆಯಲ್ಲಿರುವ ಖನಿಜ ಯಾವುದು ಗೊತ್ತಾ? ಹೈಡ್ರಾಕ್ಸಿಅಪಟೈಟ್. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಆಗಿದ್ದು. ನಿಮ್ಮ ಮಗನ ಮೂಳೆಯಲ್ಲಿ ಇರುವುದೂ ಅದೇ. ಅಂದರೆ ಶಾರ್ಕಿಗೆ ಮೂಳೆ ಇಲ್ಲ ನಿಜ, ಮೂಳೆಯ ಗಟ್ಟಿತನ ಕೊಡುವ ಖನಿಜ ಬೇಕಾದಷ್ಟಿದೆ.

ಬಿಲ್ಲೆಗಳ ನಡುವೆ ಸಂದು ಇದೆ. ಆ ಸಂದಿನಲ್ಲಿ ಕೊಲಾಜೆನ್ ನಾರು ಒಂದು ಬಿಲ್ಲೆಯಿಂದ ಇನ್ನೊಂದಕ್ಕೆ ಹೊಲಿಗೆ ಹಾಕಿದ ಹಾಗೆ ಹಾದುಹೋಗುತ್ತದೆ. ದವಡೆ ಕಚ್ಚಿದಾಗ ಒಂದು ಪಕ್ಕಕ್ಕೆ ಒತ್ತಡ ಬೀಳುತ್ತದೆ, ಎದುರು ಪಕ್ಕ ಎಳೆಯಲ್ಪಡುತ್ತದೆ. ಒತ್ತಿದ ಕಡೆ ಬಿಲ್ಲೆಗಳು ಅಂಚಿಗೆ ಅಂಚು ತಗುಲಿ ಬಿಗಿಯಾಗಿ ನಿಲ್ಲುತ್ತವೆ. ಎಳೆದ ಕಡೆ ನಾರು ಸ್ವಲ್ಪ ಹಿಗ್ಗಿ ಕೊಡುತ್ತದೆ. ಹಾಗಾಗಿ ದವಡೆ ಗಟ್ಟಿಯಾಗಿಯೂ ಇದೆ, ಪಟ್ಟನೆ ಬಿರುಕು ಬಿಡುವುದೂ ಇಲ್ಲ. ದೊಡ್ಡ ಬಿಳಿ ಶಾರ್ಕಿನಂಥ ದೊಡ್ಡ ದವಡೆಗಳಲ್ಲಿ ಒಂದು ಪದರ ಸಾಲದು. ಒಂದರ ಮೇಲೊಂದು ಹಲವು ಪದರ ಬಿಲ್ಲೆ ಇರುತ್ತದೆ.

2008ರಲ್ಲಿ ಸ್ಟೀಫನ್ ರೋ ಮತ್ತು ಜೊತೆಯವರು ಬಿಳಿ ಶಾರ್ಕಿನ ದವಡೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿ ಲೆಕ್ಕ ಹಾಕಿದರು. ಅತಿ ದೊಡ್ಡ ಶಾರ್ಕ್ ಸುಮಾರು 1.8 ಟನ್ ಬಲದಲ್ಲಿ ಕಚ್ಚಬಲ್ಲದು ಅಂತ ಬಂತು. ಅದೇ ದವಡೆ ಮೂಳೆಯದಾಗಿದ್ದರೆ ಎಷ್ಟು ಅಂತಲೂ ನೋಡಿದರು. ಹೆಚ್ಚು ಕಡಿಮೆ ಅಷ್ಟೇ, ನೂರಕ್ಕೆ ಕೆಲವೇ ಪಾಲು ವ್ಯತ್ಯಾಸ.

ಕಿವಿ ಉದಾಹರಣೆ ಅರ್ಧ ಸರಿ ಅಂತ ಹೇಳಿ ಅವನಿಗೆ.

ಚಿತ್ರಾವತಿ, ಬಾಗೇಪಲ್ಲಿ:
ಮೇಷ್ಟ್ರೇ, ಓದಿ ಹೇಳಿದೆ. ಅವನು ಮೊದಲು ಕೇಳಿದ್ದು: "ಒಂದೇ ಗಟ್ಟಿ ಚಿಪ್ಪು ಮಾಡಿಕೊಂಡರೆ ಆಗ್ತಿರಲಿಲ್ವಾ, ಚೂರು ಚೂರು ಯಾಕೆ?"

ಮಧುಗಿರಿ ಮೇಷ್ಟ್ರು:
ಇದು ಇನ್ನೂ ಒಳ್ಳೆ ಪ್ರಶ್ನೆ. ನಿಜ ಹೇಳಬೇಕೆಂದರೆ ಈ ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

ಒಂದೇ ಚಿಪ್ಪಾದರೆ ಒಳಗಿನದು ಬೆಳೆಯುವುದು ಹೇಗೆ? ಶಾರ್ಕ್ ಬದುಕಿರುವಷ್ಟು ಕಾಲ ನಿಧಾನವಾಗಿ ಬೆಳೆಯುತ್ತಾ ಇರುತ್ತದೆ. ನಮ್ಮ ಮೂಳೆಯ ವಿಧಾನ ಬೇರೆ. ಹೊರಗಿನಿಂದ ಹೊಸ ಮೂಳೆ ಬಳಿಯುತ್ತದೆ, ಒಳಗಿನಿಂದ ಹಳೆಯದನ್ನು ಕೆರೆದು ತೆಗೆಯುತ್ತದೆ. ಕೆರೆಯುವುದಕ್ಕೇ ಬೇರೆ ಜೀವಕೋಶಗಳಿವೆ. ಶಾರ್ಕಿನ ಅಸ್ಥಿಪಂಜರದಲ್ಲಿ ಹಾಗೆ ಕೆರೆದು ಮತ್ತೆ ಕಟ್ಟುವ ಕೆಲಸ ನಡೆಯುವಂತೆ ಕಾಣುವುದಿಲ್ಲ. ಒಳಗಿನ ಮೆದುಮೂಳೆ ಹಿಗ್ಗುತ್ತದೆ. ಸಂದುಗಳು ಅದಕ್ಕೆ ಜಾಗ ಬಿಡುತ್ತವೆ. ಪ್ರತಿ ಬಿಲ್ಲೆಯೂ ತನ್ನ ಅಂಚಿಗೆ ಸ್ವಲ್ಪ ಸ್ವಲ್ಪ ಖನಿಜ ಸೇರಿಸಿಕೊಂಡು ಆ ಜಾಗ ತುಂಬುತ್ತದೆ. ಸೀತಾಫಲ ದಪ್ಪ ಆಗುವಾಗ ಕಣ್ಣು ಕಣ್ಣಿನ ನಡುವೆ ಬಿಳಿ ಗೆರೆ ಅಗಲ ಆಗುತ್ತದಲ್ಲ, ನಮ್ಮ ದೇವರಾಯನದುರ್ಗದ ಕಡೆ ಬೆಳೆದ ಮಕ್ಕಳಿಗೆ ಗೊತ್ತಿರುತ್ತದೆ. ಹಾಗೆ.

ಬಿಲ್ಲೆಯೊಳಗೆ ಸಣ್ಣ ಸಣ್ಣ ಗೂಡುಗಳಿವೆ. ಅದರಲ್ಲಿ ಮೆದುಮೂಳೆಯ ಜೀವಕೋಶಗಳು ಸಾಯದೆ ಕೂತಿರುತ್ತವೆ. ಗೂಡಿನಿಂದ ಗೂಡಿಗೆ ಕಿರಿದಾದ ದಾರಿಗಳೂ ಇವೆ. ನಮ್ಮ ದೇಹದಲ್ಲಿ ಹಾಗಲ್ಲ. ಮಗುವಿನ ಕೈಕಾಲಿನ ಮೂಳೆಗಳೆಲ್ಲ ತಾಯಿಯ ಹೊಟ್ಟೆಯಲ್ಲಿ ಮೊದಲು ಮೆದುಮೂಳೆಯಾಗಿಯೇ ಇರುತ್ತವೆ. ಆಮೇಲೆ ಅದಕ್ಕೆ ಸುಣ್ಣ ಹಿಡಿದು, ಬಹುಪಾಲು ಕರಗಿ ಹೋಗಿ, ಆ ಜಾಗದಲ್ಲಿ ಮೂಳೆ ಬರುತ್ತದೆ. ನಮ್ಮಲ್ಲಿ ಸುಣ್ಣ ಹಿಡಿದ ಮೆದುಮೂಳೆ ಹೆಚ್ಚಾಗಿ ಒಂದು ಹಂತ ಮಾತ್ರ. ಶಾರ್ಕಿನಲ್ಲಿ ಅದೇ ಮುಗಿದ ಮನೆ.

ಶಿರಾ ಗೇಟ್:
ಚರ್ಚೆ ಚೆನ್ನಾಗಿದೆ. ಆದರೆ ಒಂದು ಮಾತು. ಶಾರ್ಕಿಗೆ ಕ್ಯಾನ್ಸರ್ ಬರುವುದೇ ಇಲ್ಲ ಅಂತ ಹಿಂದೆ ಎಲ್ಲೋ ಓದಿದ್ದೆ. ನಮ್ಮ ಚಿಕ್ಕಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್ ಇದ್ದಾಗ ಇದೇ ಮಾತ್ರೆಯನ್ನು ಸಂಬಂಧಿಕರೊಬ್ಬರು ಹೊರದೇಶದಿಂದ ತಂದುಕೊಟ್ಟಿದ್ದರು. ಚಿಕ್ಕಪ್ಪ ಉಳಿಯಲಿಲ್ಲ. ತಡವಾಗಿ ಶುರು ಮಾಡಿದೆವೇನೋ ಅಂತ ಮನೆಯವರಿಗೆ ಇವತ್ತಿಗೂ ಕೊರಗು. ಅದರಲ್ಲಿ ಸ್ವಲ್ಪವೂ ನಿಜ ಇಲ್ಲವಾ?

ಬಿಎಸ್ಸಿ ಹುಡುಗಿ, ಕೋಲಾರ:
ಅಣ್ಣ, ಮೊದಲಿಗೆ ಚಿಕ್ಕಪ್ಪನವರ ವಿಷಯ ಕೇಳಿ ಬೇಜಾರಾಯಿತು. ಮನೆಯವರು ಕೊರಗಬೇಕಾಗಿಲ್ಲ. ಬೇಗ ಶುರು ಮಾಡಿದ್ದರೂ ಆ ಮಾತ್ರೆಯಿಂದ ಏನೂ ಬದಲಾಗುತ್ತಿರಲಿಲ್ಲ. ಇದನ್ನು ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಶ್ವಾಸಕೋಶದ ಕ್ಯಾನ್ಸರ್ ಇರುವ 379 ಜನರ ಮೇಲೆಯೇ ಪರೀಕ್ಷೆ ಆಗಿದೆ. ಎಲ್ಲರಿಗೂ ಮಾಮೂಲಿ ಚಿಕಿತ್ಸೆ ಕೊಟ್ಟು, ಅರ್ಧ ಜನಕ್ಕೆ ಜೊತೆಯಲ್ಲಿ ಶಾರ್ಕ್ ಮೆದುಮೂಳೆಯಿಂದ ತೆಗೆದ ಔಷಧಿ ಕೊಟ್ಟರು. 2010ರಲ್ಲಿ ಫಲಿತಾಂಶ ಬಂತು. ಔಷಧಿ ತಗೊಂಡವರು ಜಾಸ್ತಿ ದಿನ ಬದುಕಲಿಲ್ಲ.

ಈ ನಂಬಿಕೆ ಹುಟ್ಟಿದ್ದು ಹೇಗೆ ಅಂತ ನಾನು ಕಾಲೇಜಿನ ಸೆಮಿನಾರಿಗೆ ಓದಿದ್ದೆ. ಮೆದುಮೂಳೆಯಲ್ಲಿ ರಕ್ತನಾಳ ಇರುವುದಿಲ್ಲ. ಕ್ಯಾನ್ಸರ್ ಗಡ್ಡೆ ಬೆಳೆಯಬೇಕಾದರೆ ರಕ್ತನಾಳ ಬೇಕು. ಹಾಗಾದರೆ ಮೆದುಮೂಳೆಯಲ್ಲಿ ರಕ್ತನಾಳವನ್ನು ತಡೆಯುವ ಏನೋ ಇರಬೇಕು ಅಂತ ವಿಜ್ಞಾನಿಗಳು ಹುಡುಕಿದರು. 1983ರಲ್ಲಿ ಆನ್ ಲೀ ಮತ್ತು ರಾಬರ್ಟ್ ಲ್ಯಾಂಗರ್ ಶಾರ್ಕ್ ಮೆದುಮೂಳೆಯಿಂದ ತೆಗೆದ ಸಾರ ಗಡ್ಡೆಗೆ ಹೋಗುವ ರಕ್ತನಾಳವನ್ನು ತಡೆಯುತ್ತದೆ ಅಂತ ಪ್ರಾಣಿಗಳಲ್ಲಿ ತೋರಿಸಿದರು. ಅದು ಸರಿಯಾದ ವಿಜ್ಞಾನವೇ. ಆದರೆ ಅವರು ಸಾರವನ್ನು ಗಡ್ಡೆಯ ಪಕ್ಕದಲ್ಲೇ ಇಟ್ಟಿದ್ದರು. ಪುಡಿ ಮಾಡಿ ನುಂಗಿಸಿದ್ದಲ್ಲ. ಮಧ್ಯದ ದಾರಿಯನ್ನು ಬಿಟ್ಟು ವ್ಯಾಪಾರದವರು ನೇರ ಕ್ಯಾಪ್ಸೂಲಿಗೆ ಹಾರಿದರು.

ಶಾರ್ಕಿಗೆ ಕ್ಯಾನ್ಸರ್ ಬರುವುದಿಲ್ಲ ಅನ್ನುವುದೂ ತಪ್ಪು. 2004ರಲ್ಲಿ ಗ್ಯಾರಿ ಆಸ್ಟ್ರಾಂಡರ್ ಮತ್ತು ಜೊತೆಯವರು ಶಾರ್ಕ್, ತೊರಕೆ, ಕೈಮೆರಾಗಳಲ್ಲಿ ಅಲ್ಲಿಯವರೆಗೆ ದಾಖಲಾದ 42 ಗಡ್ಡೆಗಳನ್ನು ಪಟ್ಟಿ ಮಾಡಿದರು. ಅದರಲ್ಲಿ ಮೆದುಮೂಳೆಯದೇ ಗಡ್ಡೆಗಳೂ ಇವೆ.

ಶಿರಾ ಗೇಟ್:
ತುಂಬಾ ಥ್ಯಾಂಕ್ಸ್ ತಂಗಿ. ಚಿಕ್ಕಮ್ಮನಿಗೆ ಇದನ್ನು ಓದಿ ಹೇಳುತ್ತೇನೆ. ಎಂಟು ವರ್ಷದ ಭಾರ.

ಊರಿಗಾಂ ಅಕ್ಕ, ಕೆಜಿಎಫ್:
ನಾನು ಓದಿದವಳಲ್ಲ, ಅಡುಗೆಯವಳು. ಆದರೆ ಶಾರ್ಕಿನ ಮೂಳೆಯನ್ನು ನಿಮ್ಮೆಲ್ಲರಿಗಿಂತ ಜಾಸ್ತಿ ಸಲ ಕೈಯಲ್ಲಿ ಹಿಡಿದಿದ್ದೇನೆ ಅನಿಸುತ್ತೆ. ನಮ್ಮ ಮನೆಯಲ್ಲಿ ತಮಿಳು ಮಾತು. ಅಜ್ಜ ಗಣಿಯಲ್ಲಿ ಕೆಲಸಕ್ಕೆ ಅಂತ ಬಂದವರು. ನಮ್ಮಲ್ಲಿ ಬಾಣಂತಿಗೆ ಸುರಾ ಪುಟ್ಟು ಮಾಡಿ ಕೊಡುವುದು ಪದ್ಧತಿ. ಪಾಲ್ ಸುರಾ ಅಂತ ಚಿಕ್ಕ ಶಾರ್ಕ್, ತಿಂದರೆ ಹಾಲು ಬರುತ್ತೆ ಅಂತ ನಂಬಿಕೆ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿಗೆ ಬಂದ ದಿನ ತರುತ್ತೇವೆ.

ಮೊದಲು ತುಂಡನ್ನು ಅರಿಶಿನ ಹಾಕಿದ ನೀರಲ್ಲಿ ಬೇಯಿಸಬೇಕು. ಚರ್ಮ ಉಪ್ಪು ಕಾಗದದ ಹಾಗೆ ಒರಟು. ಬಾಲದಿಂದ ತಲೆ ಕಡೆಗೆ ಕೈ ಎಳೆದರೆ ಗೀರಿಬಿಡುತ್ತೆ. ಬಿಸಿ ನೀರಲ್ಲಿ ಬೆಂದರೆ ಅದು ಉಜ್ಜಿದ ತಕ್ಷಣ ಬಿಟ್ಟುಕೊಳ್ಳುತ್ತೆ. ಆಮೇಲೆ ಮಾಂಸ ಉದುರಿಸಬೇಕು. ಕೆರೆ ಮೀನಿನ ಹಾಗೆ ಸೂಜಿಮುಳ್ಳು ಒಂದೂ ಸಿಗಲ್ಲ. ಕಾಟ್ಲಾ ತಿನ್ನುವಾಗ ಮಕ್ಕಳ ಗಂಟಲ ಮೇಲೆ ಕಣ್ಣಿಟ್ಟು ಕೂರಬೇಕಲ್ಲ, ಇದರಲ್ಲಿ ಆ ಭಯ ಇಲ್ಲ. ನಡುವೆ ಬೆನ್ನುಮೂಳೆ ಒಂದು ಸರದ ಹಾಗೆ ಹಾಗೇ ಬಂದುಬಿಡುತ್ತೆ. ಮಾಂಸಕ್ಕೆ ಸಣ್ಣ ಈರುಳ್ಳಿ, ಬೆಳ್ಳುಳ್ಳಿ ಜಾಸ್ತಿ, ಹಸಿಮೆಣಸಿನಕಾಯಿ ಹಾಕಿ ಪುಡಿಪುಡಿಯಾಗಿ ಹುರಿಯಬೇಕು.

ನಾನು ಹೇಳಬೇಕು ಅಂದಿದ್ದು ಆ ಸರದ ವಿಷಯ. ಒಂದೊಂದು ಮಣಿಯೂ ಪುಟ್ಟ ಡಮರುಗ. ಎರಡೂ ಕಡೆ ಒಳಗೆ ತಗ್ಗು. ಬಿಸಿಲಲ್ಲಿ ಇಟ್ಟರೆ ಸುತ್ತ ಇರುವ ಮೆತ್ತನೆಯದೆಲ್ಲ ಒಣಗಿ ಸುಕ್ಕಾಗಿ ಹೋಗುತ್ತೆ, ಮಣಿ ಮಾತ್ರ ಗಟ್ಟಿಯಾಗಿ ಉಳಿಯುತ್ತೆ. ನಮ್ಮಜ್ಜಿ ಅದನ್ನ ತೊಳೆದು ಒಣಗಿಸಿ ದಾರಕ್ಕೆ ಪೋಣಿಸಿ ನಮಗೆ ಆಟಕ್ಕೆ ಕೊಡುತ್ತಿದ್ದರು. ಮೆದುಮೂಳೆ ಅಂತೀರಲ್ಲ ಮೇಷ್ಟ್ರೇ, ಆ ಮಣಿ ಯಾಕೆ ಕಲ್ಲಿನ ಥರ?

ಮಧುಗಿರಿ ಮೇಷ್ಟ್ರು:
ಅಕ್ಕ, ನೀವು ಬರೆದಿದ್ದನ್ನು ನಾಳೆ ಕ್ಲಾಸಿನಲ್ಲಿ ಓದುತ್ತೇನೆ, ಅನುಮತಿ ಕೊಡಿ. ನಾನು ಬಾಟಲಿಯಲ್ಲಿ ಇಟ್ಟ ಶಾರ್ಕ್ ನೋಡಿದವನು. ನೀವು ಬಿಡಿಸಿ ನೋಡಿದವರು.

ಬೆನ್ನಿನ ಮಣಿಯಲ್ಲಿ ಖನಿಜ ಕೂರುವ ರೀತಿಯೇ ಬೇರೆ. ದವಡೆಯಲ್ಲಿ, ರೆಕ್ಕೆಯ ಬುಡದಲ್ಲಿ ಹೊರಮೈಗೆ ಮಾತ್ರ ಬಿಲ್ಲೆ. ಮಣಿಯಲ್ಲಿ ಖನಿಜ ಒಳಗೇ ದಟ್ಟವಾಗಿ, ಬಲೆಯ ಹಾಗೆ ಹೆಣೆದುಕೊಂಡು ಕೂರುತ್ತದೆ. ಅದಕ್ಕೇ ಒಣಗಿದರೂ ಆಕಾರ ಕೆಡುವುದಿಲ್ಲ. ಬಿಲ್ಲೆ ಹೊದ್ದ ಮೆದುಮೂಳೆ ಒಣಗಿದರೆ ಒಳಗಿನ ನೀರು ಹೋಗಿ ಸೊಟ್ಟಗಾಗುತ್ತದೆ. ಭೂಮಿಯೊಳಗೂ ಇದೇ ಕಥೆ. ಮೆಗಲೋಡಾನ್ ಅನ್ನೋ ಅಳಿದುಹೋದ ದೈತ್ಯ ಶಾರ್ಕಿನದು ಎಲ್ಲಕ್ಕಿಂತ ಹೆಚ್ಚಾಗಿ ಸಿಗುವುದು ಹಲ್ಲು. ಅದು ಬಿಟ್ಟರೆ ಬೆನ್ನಿನ ಮಣಿಗಳು. ಬೆಲ್ಜಿಯಂನಲ್ಲಿ ಒಂದೇ ಪ್ರಾಣಿಯದು ಅಂತ ಹೇಳುವ 141 ಮಣಿಗಳಿವೆ.

ಆ ತಗ್ಗಿನಲ್ಲಿ ಉಂಗುರ ಉಂಗುರವಾಗಿ ಗೆರೆ ಕಂಡಿದೆಯಾ?

ಊರಿಗಾಂ ಅಕ್ಕ, ಕೆಜಿಎಫ್:
ಇದೆ ಇದೆ. ಮರ ಕೊಯ್ದರೆ ಕಾಣುತ್ತಲ್ಲ, ಹಾಗೆ.

ಮಧುಗಿರಿ ಮೇಷ್ಟ್ರು:
ಅದೇ. ಶಾರ್ಕಿನ ವಯಸ್ಸು ಹೇಳುವುದು ಅದನ್ನು ಎಣಿಸಿಯೇ. ಆದರೆ ಒಂದು ಗೆರೆ ಒಂದು ವರ್ಷ ಅಂತ ಎಲ್ಲ ಜಾತಿಗೂ ಹೇಳಲಾಗುವುದಿಲ್ಲ. ಪರೀಕ್ಷೆ ಮಾಡಿಯೇ ನೋಡಬೇಕು. ತಿಮಿಂಗಿಲ ಶಾರ್ಕಿನದನ್ನು ಹೇಗೆ ಪರೀಕ್ಷೆ ಮಾಡಿದರು ಅಂತ ಕೇಳಿ. 1950 ಮತ್ತು 60ರ ದಶಕದಲ್ಲಿ ದೊಡ್ಡ ದೇಶಗಳು ಬಯಲಲ್ಲೇ ಅಣುಬಾಂಬ್ ಸಿಡಿಸಿ ಪರೀಕ್ಷೆ ಮಾಡುತ್ತಿದ್ದವು. ಗಾಳಿಯಲ್ಲಿ ಕಾರ್ಬನ್-14 ಅನ್ನೋ ವಿಕಿರಣಶೀಲ ಇಂಗಾಲ ಸುಮಾರು ಎರಡು ಪಟ್ಟಾಯಿತು. ಅದು ಸಮುದ್ರಕ್ಕೆ ಇಳಿಯಿತು, ಮೀನಿನ ಹೊಟ್ಟೆಗೆ ಹೋಯಿತು, ಆ ವರ್ಷ ಬೆಳೆದ ಗೆರೆಯಲ್ಲಿ ಉಳಿಯಿತು. ಮಾರ್ಕ್ ಮೀಕನ್, ಜಾಯ್ಸ್ ಆಂಗ್ ಮತ್ತು ಜೊತೆಯವರು ಪಾಕಿಸ್ತಾನ ಮತ್ತು ತೈವಾನ್‌ನಲ್ಲಿ ಇಟ್ಟಿದ್ದ ಮಣಿಗಳಲ್ಲಿ ಆ ಗುರುತನ್ನು ಹುಡುಕಿದರು. 2020ರಲ್ಲಿ ಪ್ರಕಟಿಸಿದರು. ವರ್ಷಕ್ಕೆ ಒಂದೇ ಗೆರೆ ಅಂತ ಗಟ್ಟಿಯಾಯಿತು. ಪಾಕಿಸ್ತಾನದ ಹತ್ತು ಮೀಟರ್ ಉದ್ದದ ಶಾರ್ಕ್ ಸಾಯುವಾಗ ಅದಕ್ಕೆ ಸುಮಾರು 50 ವರ್ಷ. ನಮ್ಮ ದೇಶದಲ್ಲಿ ಈ ಪ್ರಾಣಿಗೆ 2001ರಿಂದ ಕಾನೂನಿನ ರಕ್ಷಣೆ ಇದೆ.

ಗ್ರೀನ್‌ಲ್ಯಾಂಡ್ ಶಾರ್ಕಿನ ಕಥೆ ಉಲ್ಟಾ. ಅದರ ಮಣಿಗಳು ತೀರಾ ಮೆತ್ತಗೆ, ಎಣಿಸಲು ಗೆರೆಯೇ ಇಲ್ಲ. ಹಾಗಾಗಿ 2016ರಲ್ಲಿ ಜೂಲಿಯಸ್ ನೀಲ್ಸನ್ ಮತ್ತು ಜೊತೆಯವರು ಅದರ ಕಣ್ಣಿನ ಮಸೂರದ ಒಳತಿರುಳನ್ನು ಪರೀಕ್ಷಿಸಿದರು. ಹುಟ್ಟುವ ಮೊದಲೇ ಆದ ಭಾಗ ಅದು. ಅತಿ ದೊಡ್ಡದಕ್ಕೆ ಅಂದಾಜು 392 ವರ್ಷ ಬಂತು. ಲೆಕ್ಕದಲ್ಲಿ 120 ವರ್ಷ ಆಚೀಚೆ ಆಗಬಹುದು. ಕಡಿಮೆ ಅಂದರೂ 272.

ಪಾವಗಡ ರೈತ:
ಚರ್ಚೆ ಬೇರೆ ಕಡೆ ಹೋಗುವ ಮೊದಲು ನಾನು ಚಿತ್ರಾವತಿ ಅಕ್ಕನಿಗೆ ಒಂದು ಕೇಳಬೇಕು. ಅಮ್ಮ ಕುಡಿಯುವ ನೀರು ಯಾವುದು? ಬೋರ್‌ವೆಲ್ಲಾ?

ನಮ್ಮ ಪಾವಗಡದಲ್ಲಿ ಬೆಳೆದವನಾಗಿ ಕೇಳುತ್ತಿದ್ದೇನೆ. ಮಂಡಿ ನೋವಿನ ಜೊತೆ ಸೊಂಟವೂ ಬಿಗಿ ಅಂತ ಬರೆದಿದ್ದೀರಿ. ನಮ್ಮಪ್ಪನಿಗೂ ಹೀಗೇ ಶುರುವಾಗಿದ್ದು. ಮೊದಲು ಕತ್ತು ತಿರುಗಿಸುವುದು ಕಷ್ಟ ಆಯಿತು. ಆಮೇಲೆ ಬಗ್ಗಿ ಚಪ್ಪಲಿ ತೆಗೆಯುವುದು. ನಾವು ವಯಸ್ಸಿನ ನೋವು ಅಂದುಕೊಂಡೆವು. ಎಣ್ಣೆ, ಮಾತ್ರೆ, ನಾಟಿ ಔಷಧಿ, ಹತ್ತು ವರ್ಷ ಹೋಯಿತು. ಕೊನೆಗೆ ಎಕ್ಸ್‌ರೇ ನೋಡಿದ ಡಾಕ್ಟರು ಫ್ಲೋರೋಸಿಸ್ ಅಂದರು. ನೀರಿನ ಫ್ಲೋರೈಡ್. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು, ನಮ್ಮ ಮೂರೂ ಜಿಲ್ಲೆಯ ಬೋರ್ ನೀರಿನಲ್ಲಿ ಈ ತೊಂದರೆ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರು ಸಿಗದಿದ್ದರೆ 1.5ರ ತನಕ, ಅಷ್ಟೇ.

ಎಕ್ಸ್‌ರೇಯಲ್ಲಿ ಕಂಡಿದ್ದನ್ನು ಡಾಕ್ಟರು ತೋರಿಸಿದ್ದು ಇನ್ನೂ ಕಣ್ಣಲ್ಲಿದೆ. ಮೂಳೆಗೂ ಮೂಳೆಗೂ ನಡುವೆ ಹಗ್ಗದ ಹಾಗೆ ಬಾಗಬೇಕಾದ ಕಟ್ಟುಗಳು ಬೆಳ್ಳಗೆ, ಸುಣ್ಣ ಕಟ್ಟಿದ ಪೈಪಿನ ಹಾಗೆ ಆಗಿದ್ದವು. ಮೇಷ್ಟ್ರು ಹೇಳಿದ ಬಿಲ್ಲೆ, ಸಂದು, ನಾರು ಓದುವಾಗ ಅದೇ ನೆನಪಾಯಿತು. ಆ ಮೀನಿಗೆ ಎಲ್ಲಿ ಗಟ್ಟಿ ಬೇಕೋ ಅಲ್ಲಿ ಗಟ್ಟಿ, ಎಲ್ಲಿ ಬಾಗಬೇಕೋ ಅಲ್ಲಿ ನಾರು. ನಮ್ಮಪ್ಪನಿಗೆ ಬಾಗಬೇಕಾದ ಕಡೆಯೇ ಸುಣ್ಣ ಕೂತುಬಿಟ್ಟಿತು.

ದಯವಿಟ್ಟು ನೀರು ಪರೀಕ್ಷೆ ಮಾಡಿಸಿ. ನಾಳೆಯೇ.

ಫಿಸಿಯೋ, ತುಮಕೂರು:
ಅಣ್ಣ ಹೇಳಿದ್ದು ನನಗೇ ಮೊದಲು ಹೊಳೆಯಬೇಕಿತ್ತು. ಅಕ್ಕ, ಡಾಕ್ಟರ ಹತ್ತಿರ ಹೋದಾಗ ಯಾವ ನೀರು, ಎಷ್ಟು ವರ್ಷದಿಂದ ಅಂತ ನೀವಾಗಿಯೇ ಹೇಳಿ. ಫ್ಲೋರೋಸಿಸ್ ಇದ್ದರೆ ವ್ಯಾಯಾಮವೂ ಬೇರೆ ಥರ ಇರಬೇಕು. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದಿದ್ದರಲ್ಲಿ ಅದರ ಪ್ರಮಾಣ ಜಾಸ್ತಿಯೇ ಆಗುತ್ತದೆ. ಊರಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇದ್ದರೆ ಅದರ ನೀರನ್ನೇ ಅಡುಗೆಗೂ ಬಳಸಿ.

ಬಿಎಸ್ಸಿ ಹುಡುಗಿ, ಕೋಲಾರ:
ಫ್ಲೋರೈಡ್ ಮಾತು ಬಂತಲ್ಲ, ಒಂದು ವಿಷಯ ಹೇಳಲೇಬೇಕು. ಹೈಡ್ರಾಕ್ಸಿಅಪಟೈಟಿನಲ್ಲಿ ಹೈಡ್ರಾಕ್ಸಿಲ್ ಇರುವ ಜಾಗಕ್ಕೆ ಫ್ಲೋರೈಡ್ ಹೋಗಿ ಕೂರಬಲ್ಲದು. ಆಗ ಅದು ಫ್ಲೋರ್‌ಅಪಟೈಟ್. ಶಾರ್ಕಿನ ಹಲ್ಲಿನ ಹೊರಪದರದಲ್ಲಿ ಇರುವುದು ಅದೇ. ಮಾಕೋ ಮತ್ತು ಟೈಗರ್ ಶಾರ್ಕಿನ ಹಲ್ಲನ್ನು 2012ರಲ್ಲಿ ಅಳೆದು ನೋಡಿದರು. ಫ್ಲೋರೈಡ್ ತುಂಬಿದ್ದರೂ ಅದು ಮನುಷ್ಯನ ಹಲ್ಲಿಗಿಂತ ಗಟ್ಟಿಯೇನೂ ಇರಲಿಲ್ಲ. ಶಾರ್ಕಿನ ಹಲ್ಲಿನಲ್ಲಿ ಅದು ಹೆಚ್ಚಾಗಿ ಹೊರಗಿನ ಒಂದು ತೆಳು ಪದರದಲ್ಲಿ. ನಮ್ಮೂರ ಅಜ್ಜಂದಿರ ಮೈಯಲ್ಲಿ ಮೂಳೆ ತುಂಬಾ ಅದು ಸೇರುತ್ತದೆ. ಅದೇ ಫ್ಲೋರೈಡ್ ನಮ್ಮ ಮಕ್ಕಳ ಹಲ್ಲಿಗೆ ಕಂದು ಗೆರೆ ಬರೆಯುತ್ತದೆ. ನಮ್ಮ ಕ್ಲಾಸಿನಲ್ಲೇ ನಾಲ್ಕು ಜನ ನಗುವಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಾರೆ.

ಶಿರಾ ಗೇಟ್:
ಮೇಷ್ಟ್ರೇ, ಮೆದುಮೂಳೆ ಹಳೆಯದು, ಮೂಳೆ ಆಮೇಲೆ ಬಂತು, ಶಾರ್ಕ್ ಹಿಂದೆಯೇ ಉಳಿದುಕೊಂಡಿತು ಅಂತ ನಾವು ಓದಿದ್ದು. ಅದು ಸರಿ ತಾನೇ?

ಮಧುಗಿರಿ ಮೇಷ್ಟ್ರು:
ನಾನೂ ಎಷ್ಟೋ ವರ್ಷ ಹಾಗೇ ಪಾಠ ಮಾಡಿದ್ದೇನೆ. ಈಗ ಬದಲಾಯಿಸಿಕೊಂಡಿದ್ದೇನೆ. ಮಂಗೋಲಿಯಾದಲ್ಲಿ ಸುಮಾರು 41 ಕೋಟಿ ವರ್ಷ ಹಳೆಯ ಒಂದು ಮೀನಿನ ತಲೆಬುರುಡೆ ಸಿಕ್ಕಿತು. ಮಿಂಜೀನಿಯಾ ಅಂತ ಹೆಸರಿಟ್ಟರು. ಮಾರ್ಟಿನ್ ಬ್ರಾಜೋ ಮತ್ತು ಜೊತೆಯವರು 2020ರಲ್ಲಿ ಅದರ ವಿವರ ಬರೆದರು. ಮೂಳೆ ಮೀನು ಮತ್ತು ಶಾರ್ಕ್ ಎರಡು ದಾರಿ ಹಿಡಿಯುವ ಮೊದಲಿನ ಕವಲಿಗೆ ಸೇರಿದ್ದು ಅದು. ಅದರ ತಲೆಬುರುಡೆಯ ಒಳಗೆ ನಮ್ಮಲ್ಲಿರುವಂಥದೇ ಜಾಲರಿ ಜಾಲರಿ ಮೂಳೆ ಇತ್ತು. ಅಂದರೆ ಶಾರ್ಕಿನ ಹಿರಿಯರಿಗೆ ಮೂಳೆ ಮಾಡುವುದು ಗೊತ್ತಿದ್ದಿರಬೇಕು. ಆಮೇಲೆ ಬಿಟ್ಟರು. ಹಾಗಾದರೆ ಶಾರ್ಕಿನದು ಅರ್ಧಕ್ಕೆ ನಿಂತ ಅಸ್ಥಿಪಂಜರ ಅನ್ನೋ ಮಾತು ನಿಲ್ಲುವುದಿಲ್ಲ. ಮೂಳೆ ನೀರಿಗಿಂತ ಬಹಳ ಭಾರ. ಶಾರ್ಕಿಗೆ ಮೂಳೆ ಮೀನಿನ ಹಾಗೆ ಗಾಳಿಚೀಲವೂ ಇಲ್ಲ. ಹಗುರ ಮೆದುಮೂಳೆ, ಎಣ್ಣೆ ತುಂಬಿದ ದೊಡ್ಡ ಪಿತ್ತಜನಕಾಂಗ, ಇವೆರಡರಿಂದ ಅದು ಮುಳುಗದೆ ಈಜುತ್ತದೆ.

ತೊರಕೆಯಲ್ಲೂ ಒಂದು ಸೊಗಸಿದೆ. ಕೆಲವು ತೊರಕೆಗಳು ಕಪ್ಪೆಚಿಪ್ಪನ್ನು ದವಡೆಯಲ್ಲಿ ಒಡೆದು ತಿನ್ನುತ್ತವೆ. ಅವುಗಳ ದವಡೆಯ ಒಳಗೂ ಖನಿಜ ತುಂಬಿದ ಕಂಬಗಳಿವೆ. ಮನೆಗೆ ತೊಲೆ ಕೊಟ್ಟ ಹಾಗೆ.

ಮಂಡಿಯ ವಿಷಯಕ್ಕೂ ಒಂದು ಸೇರಿಸುತ್ತೇನೆ. ಸ್ಕೇಟ್ ಅಂತ ತೊರಕೆಯ ಹತ್ತಿರದ ಸಂಬಂಧಿ ಇದೆ. ಅದರ ಮೆದುಮೂಳೆಗೆ ಗಾಯ ಮಾಡಿ ನೋಡಿದರೆ, ದೊಡ್ಡದಾದ ಮೇಲೂ ಅದು ಹೊಸ ಮೆದುಮೂಳೆ ಬೆಳೆಸಿಕೊಂಡು ತುಂಬಿಕೊಳ್ಳುತ್ತದೆ. ಆಂಡ್ರ್ಯೂ ಗಿಲ್ಲಿಸ್ ಅವರ ತಂಡ 2020ರಲ್ಲಿ ಬರೆದಿದ್ದು. ಹೊರಗಿನ ಪೊರೆಯಲ್ಲಿರುವ ಕೆಲವು ಜೀವಕೋಶಗಳು ಆ ಕೆಲಸ ಮಾಡುತ್ತವೆ. ನಮ್ಮ ಮಂಡಿಯ ಸವೆಯುವ ಮೆದುಮೂಳೆಗೆ ಆ ಪೊರೆಯೇ ಇಲ್ಲ. ಅದಕ್ಕೇ ನಮ್ಮದು ಸವೆದರೆ ಸವೆದಂತೆ. ಆ ಜೀವಕೋಶಗಳು ಹೇಗೆ ಎಚ್ಚರಗೊಳ್ಳುತ್ತವೆ ಅಂತ ತಿಳಿಯುವುದು ಬಹಳ ದೊಡ್ಡ ಕೆಲಸ, ಪ್ರಯೋಗಾಲಯದಲ್ಲಿ ನಡೆಯಬೇಕಾದ ಕೆಲಸ.

ಚಿತ್ರಾವತಿ, ಬಾಗೇಪಲ್ಲಿ:
ಎಲ್ಲರಿಗೂ ಮತ್ತೆ ನಮಸ್ಕಾರ. ಮೂರು ವಾರ ಆಯಿತು, ಸುದ್ದಿ ಹೇಳಬೇಕು.

ನೀರು ಪರೀಕ್ಷೆ ಮಾಡಿಸಿದೆವು. ಪಾವಗಡದ ಅಣ್ಣ ಹೇಳಿದ್ದೇ ಸರಿ, ಫ್ಲೋರೈಡ್ ಮಿತಿಗಿಂತ ಜಾಸ್ತಿ ಇದೆ. ಈಗ ಘಟಕದ ನೀರನ್ನೇ ತರುತ್ತಿದ್ದೇವೆ, ಅನ್ನ ಸಾರಿಗೂ ಅದೇ. ಡಾಕ್ಟರು ಎಕ್ಸ್‌ರೇ ನೋಡಿ ಮಂಡಿ ಸವೆತ ಇದೆ, ಫ್ಲೋರೋಸಿಸ್ ಈಗಷ್ಟೇ ಶುರು ಇರಬಹುದು ಅಂದರು. ರಕ್ತ, ಮೂತ್ರ ಪರೀಕ್ಷೆಗೆ ಕೊಟ್ಟಿದ್ದೇವೆ. ಅಮ್ಮ ದಿನಾ ಗೋಡೆಗೆ ಒರಗಿ ವ್ಯಾಯಾಮ ಮಾಡುತ್ತಿದ್ದಾರೆ. ನೋವು ಹೋಗಿಲ್ಲ. ಆದರೆ ಇನ್ನು ಯಾರ ಹತ್ತಿರವೂ ಡಬ್ಬಿ ತಗೊಳ್ಳಲ್ಲ ಅಂದಿದ್ದಾರೆ.

ಊರಿಗಾಂ ಅಕ್ಕ ಒಣಗಿಸಿದ ಮಣಿಗಳನ್ನು ಪೋಸ್ಟಿನಲ್ಲಿ ಕಳಿಸಿದ್ದರು. ಹನ್ನೊಂದು ಮಣಿ, ಹತ್ತಿಯಲ್ಲಿ ಸುತ್ತಿ. ಕಡಲೆಕಾಳಿನಷ್ಟು ಇವೆ. ಮಗ ಭೂತಗನ್ನಡಿ ಹಿಡಿದು ಕಿಟಕಿ ಹತ್ತಿರ ಕೂತ. ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಗೆರೆ ಕಾಣುತ್ತೆ. ಅವನು ಐದು ಎಣಿಸಿದ, ನಾನು ನಾಲ್ಕು. ಎರಡನ್ನೂ ಬರೆದಿಟ್ಟಿದ್ದಾನೆ.

ಊರಿಗಾಂ ಅಕ್ಕ, ಕೆಜಿಎಫ್:
ತಲುಪಿತಲ್ಲ, ಖುಷಿಯಾಯಿತು ಕಣಮ್ಮ. ಮುಂದಿನ ಸಲ ದವಡೆ ಸಿಕ್ಕರೆ ಅದನ್ನೂ ಒಣಗಿಸಿ ಕಳಿಸುತ್ತೇನೆ. ಬಿಲ್ಲೆ ಕಾಣುತ್ತಾ ನೋಡಲಿ.

ಮಧುಗಿರಿ ಮೇಷ್ಟ್ರು:
ದವಡೆಯ ಮೇಲಿನ ಪೊರೆ ಕೆರೆದರೆ ಭೂತಗನ್ನಡಿಯಲ್ಲಿ ಮೈ ರವೆ ರವೆಯಾಗಿ ಕಾಣುತ್ತದೆ. ಆ ಒಂದೊಂದು ರವೆಯೂ ಬಿಲ್ಲೆ. ಅಲ್ಲಿಯವರೆಗೆ ಒಂದು ಕೆಲಸ ಕೊಡುತ್ತೇನೆ. ಒಂದು ಮಣಿಯನ್ನು ವಿನೆಗರ್‌ನಲ್ಲಿ ಹಾಕಿಡಲಿ, ದಿನಾ ಹೊಸ ವಿನೆಗರ್. ಇನ್ನೊಂದನ್ನು ಹಾಗೇ ಇಟ್ಟುಕೊಳ್ಳಲಿ. ಹುಳಿ ಖನಿಜವನ್ನು ಕರಗಿಸುತ್ತದೆ, ಮೆದುಮೂಳೆಯನ್ನು ಬಿಡುತ್ತದೆ.

ಚಿತ್ರಾವತಿ, ಬಾಗೇಪಲ್ಲಿ:
ನಾಲ್ಕನೇ ದಿನ ಮೇಷ್ಟ್ರೇ. ಇವತ್ತು ಬೆಳಿಗ್ಗೆ ಅವನು ಎರಡನ್ನೂ ಅಜ್ಜಿ ಕೈಗೆ ಕೊಟ್ಟ. ಒಣಗಿದ್ದನ್ನು ಸ್ಟೀಲ್ ತಟ್ಟೆಗೆ ಹಾಕಿದರೆ ಟಣ್ ಅಂತು. ವಿನೆಗರ್‌ನಲ್ಲಿದ್ದಿದ್ದು ಸದ್ದೇ ಮಾಡಲಿಲ್ಲ. ಅಜ್ಜಿ ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿದರು, ಬಗ್ಗಿತು, ಬಿಟ್ಟ ತಕ್ಷಣ ಮತ್ತೆ ದುಂಡಗಾಯಿತು. ಆಮೇಲೆ ಇನ್ನೊಂದು ಕೈಯಿಂದ ಮೊಮ್ಮಗನ ಕಿವಿ ಹಿಡಿದು ಮಡಚಿ ನೋಡಿದರು. "ಇದೂ ಅದೂ ಒಂದೇ ಕಣೋ" ಅಂದರು. ಅವನು ಸೋಮವಾರ ಸ್ಕೂಲಿಗೆ ಎರಡನ್ನೂ ತಗೊಂಡು ಹೋಗುತ್ತಾನಂತೆ, ಬೆಂಕಿಪೊಟ್ಟಣದಲ್ಲಿ ಹಾಕಿಟ್ಟಿದ್ದಾನೆ.